ಹೊಸ ಬೈಕಿಗೆ ದುಡ್ಡು ಹಾಕುವುದಾದರೆ ಎಲ್ಲಿ ಹಾಕಬೇಕು?

ಆಯುಧ ಪೂಜೆ ಹತ್ತಿರ ಬಂತೆಂದರೆ ಬೈಕ್ ಶೋರೂಮ್‌ಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬುಕಿಂಗ್ ಮಾಡಿ ಕಾಯುತ್ತಿರುವ ಹುಡುಗರ ಮೊಬೈಲಿನಲ್ಲಿ ಗಾಡಿ ಬರುವ ಮೊದಲೇ ಒಂದು ಪಟ್ಟಿ ತಯಾರಾಗಿರುತ್ತದೆ. ಗುಡುಗುವ ಸೈಲೆನ್ಸರ್, ದಪ್ಪ ಟೈರು, ಹ್ಯಾಂಡಲ್ ತುದಿಗೆ ಸಿಕ್ಕಿಸುವ ಮಿರರ್, ಫಾಗ್ ಲೈಟು, ಮೋಟು ಮಾಡಿದ ಹಿಂದಿನ ಮಡ್‌ಗಾರ್ಡು. ದುಡಿದ ದುಡ್ಡಿನಲ್ಲಿ ಕೊಂಡ ಗಾಡಿ ನನ್ನದು ಅನ್ನಿಸಬೇಕು ಎಂಬ ಆಸೆ ಒಳ್ಳೆಯದೇ. ನನ್ನ ತಕರಾರು ಇರುವುದು ಆ ಪಟ್ಟಿಯ ಕ್ರಮದ ಬಗ್ಗೆ. ಹೊಸ ಬೈಕಿನಲ್ಲಿ ಮೊದಲು ಸರಿಯಾಗಬೇಕಾದದ್ದು ನಿಮ್ಮ ಮೈಗೆ ತಾಗುವ ಭಾಗಗಳು, ಆಮೇಲೆ ರಸ್ತೆಗೆ ತಾಗುವ ಭಾಗಗಳು. ಕಣ್ಣಿಗೆ ಕಾಣುವುದು, ಕಿವಿಗೆ ಕೇಳುವುದು ಕೊನೆಗೆ ಬರಲಿ. ಅವುಗಳಲ್ಲಿ ಕೆಲವು ಬರದಿದ್ದರೂ ನಡೆಯುತ್ತದೆ. ಯಾಕೆ ಅನ್ನುವುದಕ್ಕೆ ಕಾನೂನಿನ ಕಾರಣವೂ ಇದೆ, ಎಂಜಿನ್ ಕೆಲಸ ಮಾಡುವ ರೀತಿಯ ಕಾರಣವೂ ಇದೆ.

ಮಾತು ಗಾಳಿಯಲ್ಲಿ ತೇಲದಿರಲು ಒಂದು ಗಾಡಿಯನ್ನು ಮುಂದಿಟ್ಟುಕೊಳ್ಳೋಣ. ರಾಯಲ್ ಎನ್‌ಫೀಲ್ಡ್ ಹಂಟರ್ 350. ಊರೊಳಗಿನ ಓಡಾಟಕ್ಕೆಂದೇ ಮಾಡಿದ, 2022ರ ಆಗಸ್ಟ್‌ನಲ್ಲಿ ಬಂದ ಬೈಕು. 349 ಸಿಸಿ ಎಂಜಿನ್, 27 ನ್ಯೂಟನ್ ಮೀಟರ್ ಟಾರ್ಕ್, ಸುಮಾರು 181 ಕೆ.ಜಿ. ತೂಕ, 790 ಮಿ.ಮೀ. ಎತ್ತರದ ಸೀಟು, ಹಿಂದೆ ಮುಂದೆ ಎರಡೂ 17 ಇಂಚಿನ ಚಕ್ರ. ಕೊಂಡ ಮರುವಾರವೇ ಜನ ಇದಕ್ಕೆ ಕೈ ಹಚ್ಚುವುದರಿಂದ ಉದಾಹರಣೆಗೆ ಒಪ್ಪುತ್ತದೆ. ನೀವು ಪಲ್ಸರ್, ಅಪಾಚೆ, ಎಂಟಿ 15 ಯಾವುದನ್ನೇ ಕೊಂಡರೂ ಲೆಕ್ಕ ಹೆಚ್ಚುಕಡಿಮೆ ಇದೇ.

ಎಕ್ಸ್‌ಶೋರೂಮ್‌ನಿಂದ ಆನ್‌ರೋಡ್‌ವರೆಗೆ

ಜಾಹೀರಾತಿನಲ್ಲಿ ಕಾಣುವುದು ಎಕ್ಸ್‌ಶೋರೂಮ್ ಬೆಲೆ. ನೀವು ಕೊಡುವುದು ಆನ್‌ರೋಡ್ ಬೆಲೆ. ಲೆಕ್ಕಕ್ಕೆ ಸುಲಭವಾಗಲಿ ಎಂದು ಎಕ್ಸ್‌ಶೋರೂಮ್ ಬೆಲೆ 1,50,000 ರೂಪಾಯಿ ಎಂದಿಟ್ಟುಕೊಳ್ಳೋಣ. ಜಿಎಸ್‌ಟಿ ಇದರೊಳಗೇ ಸೇರಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. 350 ಸಿಸಿ ದಾಟಿದವಕ್ಕೆ ಶೇ 40 ಆಯಿತು. 349 ಸಿಸಿ ಎಂಜಿನ್‌ಗೂ 400 ಸಿಸಿ ಎಂಜಿನ್‌ಗೂ ನಡುವೆ ಈಗ ಇರುವ ಗೋಡೆ ಇದು. ಯಾವ ಗಾಡಿ ಎಂದು ತೂಗಿ ನೋಡುವವರು ಮೊದಲು ಗಮನಿಸಬೇಕಾದ ಅಂಕಿಯೂ ಇದೇ.

ಅದರ ಮೇಲೆ ರಾಜ್ಯದ ಆಜೀವ ತೆರಿಗೆ. ಕರ್ನಾಟಕದಲ್ಲಿ 50,000 ರೂಪಾಯಿವರೆಗಿನ ದ್ವಿಚಕ್ರ ವಾಹನಕ್ಕೆ ಶೇ 10, ಒಂದು ಲಕ್ಷದವರೆಗೆ ಶೇ 12, ಒಂದು ಲಕ್ಷ ದಾಟಿದರೆ ಶೇ 18. ಈ ಶೇ 18 ಬೀಳುವುದು ಇಡೀ ಬೆಲೆಯ ಮೇಲೆ. ನಮ್ಮ ಲೆಕ್ಕದಲ್ಲಿ 27,000. ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್, ಅಂದರೆ 2,970. ಎರಡೂ ಸೇರಿ 29,970 ರೂಪಾಯಿ. ಬೆಲೆಯ ಐದನೇ ಒಂದು ಭಾಗ ಸರ್ಕಾರಕ್ಕೆ ಹೋಯಿತು ಎಂದು ನೆನಪಿಟ್ಟುಕೊಂಡರೆ ಸಾಕು, ಒಂದು ಲಕ್ಷ ದಾಟಿದ ಯಾವ ಬೈಕಿನ ಆನ್‌ರೋಡ್ ಬೆಲೆಯನ್ನಾದರೂ ಬಾಯಲ್ಲೇ ಅಂದಾಜು ಮಾಡಬಹುದು.

ಮುಂದಿನದು ವಿಮೆ. ಇದರಲ್ಲಿ ಎರಡು ತುಂಡುಗಳಿವೆ. ಮೊದಲನೆಯದು ಥರ್ಡ್ ಪಾರ್ಟಿ: ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ ಇದನ್ನು ಒಟ್ಟಿಗೇ 5 ವರ್ಷಕ್ಕೆ ಮಾಡಿಸಬೇಕು. ದರವನ್ನು ಸರ್ಕಾರವೇ ನಿಗದಿ ಮಾಡುತ್ತದೆ, ಚೌಕಾಸಿಗೆ ಜಾಗವಿಲ್ಲ. 2022ರಲ್ಲಿ ನಿಗದಿಯಾದ ದರದ ಪ್ರಕಾರ 150ರಿಂದ 350 ಸಿಸಿಗೆ 7,365 ರೂಪಾಯಿ, 350 ದಾಟಿದರೆ 15,117. ಜಿಎಸ್‌ಟಿ ಬೇರೆ. ಎರಡನೆಯದು ಓನ್ ಡ್ಯಾಮೇಜ್: ನಿಮ್ಮ ಗಾಡಿಗೆ ಆಗುವ ಪೆಟ್ಟಿಗೆ, ಕಳ್ಳತನಕ್ಕೆ. ಚೌಕಾಸಿ ನಡೆಯುವುದು ಇಲ್ಲಿ. ಶೋರೂಮ್‌ನವರು ಹೇಳಿದ ಕಂಪನಿಯಲ್ಲೇ ಮಾಡಿಸಬೇಕೆಂಬ ಕಾನೂನಿಲ್ಲ. ಗಾಡಿಯ ಚಾಸಿ ನಂಬರ್, ಎಂಜಿನ್ ನಂಬರ್ ಪಡೆದುಕೊಂಡು ಹೊರಗೆ ವಿಚಾರಿಸಿದರೆ ಅದೇ ಕವರೇಜ್‌ಗೆ ಎಷ್ಟು ವ್ಯತ್ಯಾಸ ಎಂಬುದು ತಿಳಿಯುತ್ತದೆ. ಹೊರಗಿನ ಕೋಟೇಶನ್ ತೋರಿಸಿದ ಕೂಡಲೇ ಶೋರೂಮ್‌ನ ದರವೂ ಇಳಿಯುವುದನ್ನು ಎಷ್ಟೋ ಜನ ಕಂಡಿದ್ದಾರೆ.

ಝೀರೋ ಡೆಪ್ರಿಸಿಯೇಶನ್, ಅಂದರೆ ಹಾಳಾದ ಭಾಗಗಳಿಗೆ ಸವಕಳಿ ಕಳೆಯದೆ ಪರಿಹಾರ ಕೊಡುವ ಕವರೇಜ್, ಬೇಕೇ ಎಂಬ ಪ್ರಶ್ನೆ ಎಲ್ಲರದೂ. ಮಾಮೂಲಿ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿ ಹಾಳಾದರೆ ಬೆಲೆಯ ಅರ್ಧವನ್ನು ನೀವೇ ಭರಿಸಬೇಕು. ಪ್ಲಾಸ್ಟಿಕ್ ಹೊದಿಕೆ ಜಾಸ್ತಿ ಇರುವ ಬೈಕಿಗೆ ಮೊದಲ ಎರಡು ವರ್ಷ ಝೀರೋ ಡೆಪ್ ಮಾಡಿಸುವುದು ಬುದ್ಧಿವಂತಿಕೆ. ಹಂಟರ್‌ನಂಥ ಲೋಹದ ಮೈಯ ಗಾಡಿಗೆ ಅಷ್ಟು ತುರ್ತಿಲ್ಲ. ಮಾಲೀಕ ಚಾಲಕನಿಗೆ 15 ಲಕ್ಷದ ಅಪಘಾತ ವಿಮೆ ಕಡ್ಡಾಯ. ಆದರೆ ನಿಮ್ಮ ಹೆಸರಿನಲ್ಲಿ ಆಗಲೇ ಅಂಥದ್ದೊಂದು ಇದ್ದರೆ ಎರಡನೇ ಸಲ ದುಡ್ಡು ಕೊಡಬೇಕಿಲ್ಲ. ಆ ಪಾಲಿಸಿ ತೋರಿಸಿ ಬಿಡಿಸಿಕೊಳ್ಳಿ.

ಇಷ್ಟೆಲ್ಲ ಸೇರಿದರೆ ಒಂದೂವರೆ ಲಕ್ಷದ ಗಾಡಿ ರಸ್ತೆಗೆ ಇಳಿಯುವಾಗ ಸುಮಾರು 1.92 ಲಕ್ಷ. ನೋಂದಣಿ ಶುಲ್ಕ, ಸ್ಮಾರ್ಟ್ ಕಾರ್ಡ್, ಸಾಲವಿದ್ದರೆ ಬ್ಯಾಂಕಿನ ಹೆಸರು ಸೇರಿಸುವ ಶುಲ್ಕ ಎಲ್ಲವೂ ಸೇರಿ ಸಾವಿರದ ಆಸುಪಾಸು. ಪಟ್ಟಿಯಲ್ಲಿ ಇದಕ್ಕಿಂತ ಜಾಸ್ತಿ ಕಂಡರೆ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಕೇಳಿ. ಹ್ಯಾಂಡ್ಲಿಂಗ್ ಚಾರ್ಜ್, ಟೆಫ್ಲಾನ್ ಕೋಟಿಂಗ್, ಆಕ್ಸೆಸರಿ ಪ್ಯಾಕ್, ಬಾಯಿ ಮಾತಿನಲ್ಲಿ ‘ಆರ್‌ಟಿಒ ಖರ್ಚು’. ‘ಎಲ್ಲರೂ ಹಾಕಿಸ್ಕೋತಾರೆ ಸರ್’ ಅನ್ನುವುದು ಉತ್ತರವಾಗುವುದಿಲ್ಲ. ಕೊಟೇಶನ್ ಬರಹದಲ್ಲೇ ಬೇಕು ಎಂದು ಪಟ್ಟು ಹಿಡಿಯಿರಿ. ಹೊಸ ದ್ವಿಚಕ್ರ ವಾಹನದ ಜೊತೆ ಬಿಐಎಸ್ ಗುರುತಿನ ಹೆಲ್ಮೆಟ್ ಕೊಡಬೇಕು ಎಂಬುದು ಕೇಂದ್ರ ಮೋಟಾರು ವಾಹನ ನಿಯಮ 138ರಲ್ಲೇ ಇದೆ. ಅದನ್ನೂ ಕೇಳಿ ಪಡೆಯಿರಿ. ಜಗಳ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರ್ 1915.

ಸಾಲದ ಬಗ್ಗೆ ಒಂದೇ ಮಾತು. ‘ಬರೀ ಹತ್ತು ಪರ್ಸೆಂಟ್’ ಅಂದಾಗ ಅದು ಫ್ಲಾಟ್ ದರವೋ, ಕಡಿಮೆಯಾಗುತ್ತಾ ಹೋಗುವ ಬಾಕಿಯ ಮೇಲಿನ ದರವೋ ಎಂದು ಕೇಳಿ. ಒಂದು ಲಕ್ಷಕ್ಕೆ ಶೇ 10 ಫ್ಲಾಟ್ ಎಂದರೆ ಮೂರು ವರ್ಷಕ್ಕೆ 30,000 ಬಡ್ಡಿ, ತಿಂಗಳಿಗೆ 3,611 ಕಂತು. ತಿಂಗಳು ತಿಂಗಳು ಅಸಲು ತೀರುತ್ತಾ ಹೋದರೂ ಬಡ್ಡಿ ಪೂರ್ತಿ ಲಕ್ಷದ ಮೇಲೆಯೇ ಬೀಳುತ್ತಿರುತ್ತದೆ. ಅದನ್ನು ಬ್ಯಾಂಕಿನ ಮಾಮೂಲಿ ಲೆಕ್ಕಕ್ಕೆ ತಿರುಗಿಸಿದರೆ ಸುಮಾರು ಶೇ 18. ಅದೇ ಊರಿನ ಸಹಕಾರಿ ಬ್ಯಾಂಕಿನಲ್ಲಿ ಶೇ 12ಕ್ಕೆ ಸಿಗುವ ಸಾಲ ಕೇಳಲು ದುಬಾರಿ, ಕಟ್ಟಲು ಅಗ್ಗ.

ಡೆಲಿವರಿ ದಿನ

ಹಬ್ಬದ ದಿನ ಪೂಜೆ ಮಾಡಿಸಿ ಗಾಡಿ ತರುವ ಖುಷಿ ಬೇರೆಯೇ. ಆದರೆ ಆ ದಿನ ಶೋರೂಮ್‌ನಲ್ಲಿ ನೂರು ಗಾಡಿ ಸಾಲಾಗಿ ಹೊರಡುತ್ತವೆ, ಮೆಕ್ಯಾನಿಕ್‌ಗೆ ಒಂದೊಂದನ್ನೂ ಕೂಲಂಕಷವಾಗಿ ನೋಡಲು ಪುರುಸೊತ್ತಿರುವುದಿಲ್ಲ. ಹಾಗಾಗಿ ಎರಡು ದಿನ ಮುಂಚೆ, ಹಗಲು ಹೊತ್ತಿನಲ್ಲಿ ಹೋಗಿ ನಿಮ್ಮ ಹೆಸರಿನ ಗಾಡಿಯನ್ನು ನೋಡಿ ಬನ್ನಿ. ನೋಂದಣಿಗೆ ಕಾಗದ ಹೋಗುವ ಮೊದಲೇ ಆದರೆ ಇನ್ನೂ ಒಳ್ಳೆಯದು. ತಪ್ಪು ಕಂಡರೆ ಬೇರೆ ಗಾಡಿ ಕೇಳಲು ಬಾಯಿರುತ್ತದೆ.

ನೋಡಬೇಕಾದದ್ದು ಬಹಳವಿಲ್ಲ. ಚಾಸಿ ಮೇಲೆ ಕೊರೆದ ನಂಬರ್, ಸೇಲ್ ಸರ್ಟಿಫಿಕೇಟ್ ಆದ ಫಾರ್ಮ್ 21ರಲ್ಲಿರುವ ನಂಬರ್ ಎರಡೂ ಒಂದೇ ಇರಬೇಕು. ಗಾಡಿ ತಯಾರಾದ ತಿಂಗಳು, ವರ್ಷವೂ ಅದೇ ಫಾರ್ಮ್‌ನಲ್ಲಿ ಇರುತ್ತದೆ. ಟೈರಿನ ಪಕ್ಕೆಯಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತವೆ; 2325 ಎಂದಿದ್ದರೆ 2025ನೇ ಇಸವಿಯ 23ನೇ ವಾರ ತಯಾರಾದದ್ದು. ಗಾಡಿ ಈ ವರ್ಷದ್ದು, ಟೈರು ಎರಡು ವರ್ಷ ಹಿಂದಿನದು ಎಂದಾದರೆ ಕಾರಣ ಕೇಳಿ. ಮುಂದಿನ ಫೋರ್ಕ್‌ನ ಹೊಳೆಯುವ ಕೊಳವೆಗೆ ಉಗುರು ಆಡಿಸಿ ನೋಡಿ, ಗೀರು ತಾಗಿದರೆ ನಾಳೆ ಎಣ್ಣೆ ಸೋರುವುದು ಅಲ್ಲಿಂದಲೇ. ಹ್ಯಾಂಡಲ್ ಅನ್ನು ಎಡದ ತುದಿಯಿಂದ ಬಲದ ತುದಿಗೆ ತಿರುಗಿಸಿ, ಯಾವ ಕೇಬಲ್ಲೂ ಬಿಗಿಯಬಾರದು.

ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ಇದೆಯೇ ಎಂಬ ಪ್ರಶ್ನೆಯೇ ಬೇಡ; 125 ಸಿಸಿ ದಾಟಿದ ಎಲ್ಲ ಹೊಸ ಬೈಕಿಗೂ 2019ರ ಏಪ್ರಿಲ್‌ನಿಂದ ಅದು ಕಡ್ಡಾಯ. ಕೇಳಬೇಕಾದ ಪ್ರಶ್ನೆ ಒಂದು ಚಾನೆಲ್ಲೋ ಎರಡು ಚಾನೆಲ್ಲೋ ಎಂಬುದು. ಒಂದೇ ಚಾನೆಲ್ ಎಂದರೆ ಎಬಿಎಸ್ ಮುಂದಿನ ಚಕ್ರಕ್ಕೆ ಮಾತ್ರ. ಚಾರ್ಮಾಡಿ, ಆಗುಂಬೆಯಂಥ ಘಾಟಿಯಲ್ಲಿ ಮಳೆಗಾಲಕ್ಕೂ ಓಡಾಡುವವರು ಕಡಿಮೆ ಬೆಲೆಯ ವೇರಿಯಂಟ್ ಆರಿಸಿ ಉಳಿಸಿದ ದುಡ್ಡನ್ನು ಸೈಲೆನ್ಸರ್‌ಗೆ ಹಾಕುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಎರಡು ಚಾನೆಲ್‌ನ ಎಬಿಎಸ್ ಆಮೇಲೆ ಯಾವ ಗ್ಯಾರೇಜಿನಲ್ಲೂ ಹಾಕಿಸಲು ಆಗುವಂಥದ್ದಲ್ಲ. ಕೊಳ್ಳುವ ದಿನ ಮಾತ್ರ ಸಿಗುವ ವಸ್ತು ಅದು.

ಮೈಗೆ ತಾಗುವುದು ಮೊದಲು

ಕಂಪನಿಯವರು ಗಾಡಿ ಮಾಡುವುದು ಸರಾಸರಿ ಎತ್ತರ, ಸರಾಸರಿ ತೂಕದ ಒಬ್ಬ ಸವಾರನಿಗೆ. ರೆಡಿಮೇಡ್ ಅಂಗಿ ತಂದು ತೋಳು ಮೊಟಕು ಮಾಡಿಸಿಕೊಳ್ಳುವ ಹಾಗೆ ಅದನ್ನು ನಮ್ಮ ಮೈಗೆ ಹೊಂದಿಸಿಕೊಳ್ಳಬೇಕು. ಇದರಲ್ಲಿ ಅರ್ಧ ಕೆಲಸಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಕ್ಲಚ್, ಬ್ರೇಕ್ ಲಿವರ್‌ಗಳು ಹ್ಯಾಂಡಲ್ ಮೇಲೆ ಎರಡು ಬೋಲ್ಟಿನಲ್ಲಿ ಕೂತಿರುತ್ತವೆ. ಸಡಿಲಿಸಿ, ಮುಂಗೈ ಮತ್ತು ಬೆರಳು ಒಂದೇ ನೇರಕ್ಕೆ ಬರುವಂತೆ ತಿರುಗಿಸಿ, ಮತ್ತೆ ಬಿಗಿ ಮಾಡಿದರೆ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಮಣಿಕಟ್ಟು ನೋಯುವುದು ಕಡಿಮೆಯಾಗುತ್ತದೆ. ಗೇರ್ ಲಿವರ್ ಎತ್ತರವೂ ಹಾಗೆಯೇ, ನಿಮ್ಮ ಶೂ ದಪ್ಪಕ್ಕೆ ತಕ್ಕಂತೆ.

ಇವೆಲ್ಲಕ್ಕಿಂತ ದೊಡ್ಡ ವ್ಯತ್ಯಾಸ ತರುವುದು ಹಿಂದಿನ ಶಾಕ್ ಅಬ್ಸಾರ್ಬರ್‌ನ ಪ್ರೀಲೋಡ್, ಅಂದರೆ ಅದರ ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಟ್ಟಿದೆ ಎಂಬುದು. ಬಹುಪಾಲು ಬೈಕುಗಳಲ್ಲಿ ಸ್ಪ್ರಿಂಗಿನ ತುದಿಗೆ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಒಂದು ಉಂಗುರ ಇರುತ್ತದೆ. ಹಂಟರ್‌ನಲ್ಲಿ ಆರು ಮೆಟ್ಟಿಲು. ಕೊಕ್ಕೆಯಂಥ ಸ್ಪ್ಯಾನರ್‌ನಿಂದ ತಿರುಗಿಸಿದರೆ ಸ್ಪ್ರಿಂಗ್ ಒಂದೊಂದೇ ಹಂತ ಒತ್ತಿಕೊಳ್ಳುತ್ತದೆ. ಯಾವ ಹಂತ ಸರಿ ಎಂದು ಅಳೆಯುವುದು ಹೀಗೆ. ಇಬ್ಬರು ಸೇರಿ ಗಾಡಿಯ ಹಿಂಬದಿಯನ್ನು ಎತ್ತಿ, ಚಕ್ರ ಜೋತುಬಿದ್ದಾಗ ಆಕ್ಸಲ್ ನಟ್ಟಿನಿಂದ ನೇರ ಮೇಲೆ ಸೀಟಿನ ಅಂಚಿನವರೆಗೆ ಟೇಪು ಹಿಡಿಯಿರಿ. 520 ಮಿ.ಮೀ. ಬಂತು ಅಂದುಕೊಳ್ಳಿ. ಈಗ ಹೆಲ್ಮೆಟ್, ಬ್ಯಾಗು ಸಮೇತ ನೀವು ಕೂತು, ಎರಡೂ ಕಾಲು ಫುಟ್‌ರೆಸ್ಟ್ ಮೇಲಿಟ್ಟಾಗ ಮತ್ತೆ ಅಳೆಯಲು ಹೇಳಿ. 490 ಬಂದರೆ ನಿಮ್ಮ ಭಾರಕ್ಕೆ ಗಾಡಿ 30 ಮಿ.ಮೀ. ಕುಸಿದಿದೆ. ಹಂಟರ್‌ನ ಹಿಂದಿನ ಚಕ್ರ ಒಟ್ಟು ಮೇಲೆ ಕೆಳಗೆ ಆಡುವುದು 102 ಮಿ.ಮೀ.; ಅದರ ಮೂರನೇ ಒಂದು ಭಾಗದಷ್ಟು ಅಥವಾ ಸ್ವಲ್ಪ ಕಡಿಮೆ ಕುಸಿತ ಸರಿಯಾದದ್ದು. 45 ಕುಸಿದರೆ ಒಂದೆರಡು ಮೆಟ್ಟಿಲು ಬಿಗಿ ಮಾಡಿ. 15 ಮಾತ್ರ ಕುಸಿದರೆ ಸಡಿಲಿಸಿ. ಹೊಂಡ ಬಂದಾಗ ಸೊಂಟಕ್ಕೆ ಹೊಡೆಯುತ್ತದೆ ಎಂದು ದೂರುವವರಲ್ಲಿ ಎಷ್ಟೋ ಜನರ ಗಾಡಿ ಕಾರ್ಖಾನೆಯಿಂದ ಬಂದ ಮೆಟ್ಟಿಲಲ್ಲೇ ಇರುತ್ತದೆ. ಹೊಸ ಶಾಕ್ ಅಬ್ಸಾರ್ಬರ್ ಜೋಡಿಗೆ ಹತ್ತಾರು ಸಾವಿರ ಸುರಿಯುವ ಮೊದಲು ಈ ಹತ್ತು ನಿಮಿಷದ ಕೆಲಸ ಮಾಡಿ ನೋಡಲೇಬೇಕು.

ಸೀಟಿಗೆ ದುಡ್ಡು ಹಾಕುವುದು ಸಾರ್ಥಕ. ಮೆತ್ತಗಿನ ಸೀಟು ಶೋರೂಮ್‌ನಲ್ಲಿ ಹಿತ, ತುಮಕೂರು ದಾಟುವಷ್ಟರಲ್ಲಿ ಅಹಿತ. ಫೋಮ್ ಪೂರ್ತಿ ಅದುಮಿಕೊಂಡು ಮೂಳೆಗೆ ತಳ ತಾಗುತ್ತದೆ. ಒಳ್ಳೆಯ ಸೀಟ್ ಕೆಲಸದವರು ಗಟ್ಟಿ ಫೋಮ್ ಕೆಳಗೆ, ಮೆತ್ತನೆಯದು ಮೇಲೆ ಇಟ್ಟು, ತೊಡೆ ತಾಗುವಲ್ಲಿ ಅಂಚು ಕೆತ್ತಿ ಕೊಡುತ್ತಾರೆ. ಎತ್ತರ ಕಡಿಮೆ ಇರುವವರು ಗಾಡಿಯನ್ನೇ ತಗ್ಗಿಸುವ ಲಿಂಕ್‌ಗಳನ್ನು ಹಾಕಿಸುವ ಬದಲು ಸೀಟಿನ ಅಗಲವನ್ನು ಮುಂಭಾಗದಲ್ಲಿ ಕಡಿಮೆ ಮಾಡಿಸಿದರೆ ಕಾಲು ನೆಲಕ್ಕೆ ನೇರವಾಗಿ ಇಳಿಯುತ್ತದೆ. ಗಾಡಿ ತಗ್ಗಿಸಿದರೆ ತಿರುವಿನಲ್ಲಿ ಸ್ಟ್ಯಾಂಡು ನೆಲಕ್ಕೆ ಉಜ್ಜುವ ಅಪಾಯವಿದೆ.

ಹ್ಯಾಂಡಲ್ ಎತ್ತರಿಸುವ ರೈಸರ್ ಹಾಕಿಸುವವರು ಒಂದನ್ನು ಮರೆಯುತ್ತಾರೆ: ಬ್ರೇಕ್ ಹೋಸ್, ಕ್ಲಚ್ ಕೇಬಲ್, ವೈರಿಂಗ್ ಇವುಗಳ ಉದ್ದ ಹಳೆಯ ಹ್ಯಾಂಡಲ್‌ಗೆ ಅಳೆದು ಇಟ್ಟದ್ದು. 25 ಮಿ.ಮೀ. ಎತ್ತರಿಸಿ, ಎಂಜಿನ್ ಚಾಲೂ ಮಾಡಿ, ಹ್ಯಾಂಡಲ್ ಎರಡೂ ತುದಿಗೆ ತಿರುಗಿಸಿ. ಎಂಜಿನ್‌ನ ಸದ್ದು ತಾನೇ ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆಯುತ್ತಿದೆ ಎಂದರ್ಥ. ಯು ಟರ್ನ್ ಮಧ್ಯೆ ಹಾಗಾದರೆ ಗಾಡಿ ಮುಂದಕ್ಕೆ ನುಗ್ಗುತ್ತದೆ.

ಇನ್ನು ಹಿಂದೆ ಕೂರುವವರು. ಸಿಂಗಲ್ ಸೀಟು ಹಾಕಿಸಿ, ಸೀರೆ ಗಾರ್ಡ್ ಕಿತ್ತು, ಹಿಂದಿನ ಹಿಡಿಕೆ ತೆಗೆಸಿದರೆ ಗಾಡಿ ಚೊಕ್ಕಟವಾಗಿ ಕಾಣುತ್ತದೆ, ನಿಜ. ಆದರೆ ನಿಯಮ 123ರಲ್ಲಿ ಹಿಂಬದಿ ಸವಾರರಿಗೆ ಹಿಡಿಕೆ, ಫುಟ್‌ರೆಸ್ಟ್, ಹಿಂದಿನ ಚಕ್ರದ ಅರ್ಧವನ್ನಾದರೂ ಮುಚ್ಚುವ ರಕ್ಷಣೆ ಇರಲೇಬೇಕು ಎಂದಿದೆ. ಸೀರೆ ಉಟ್ಟ ಅಮ್ಮ ಒಂದೇ ಕಡೆ ಕಾಲು ಹಾಕಿ ಕೂತಾಗ ಸೆರಗಿಗೂ ಚಕ್ರಕ್ಕೂ ನಡುವೆ ಇರುವುದು ಆ ಕಂಬಿಯ ತುಂಡೊಂದೇ. ಹಳ್ಳಿಯಿಂದ ಆಸ್ಪತ್ರೆಗೆ, ಮದುವೆಗೆ, ಸಂತೆಗೆ ಮನೆಯವರನ್ನು ಕೂರಿಸಿಕೊಂಡು ಹೋಗುವ ಗಾಡಿಯಲ್ಲಿ ಅದನ್ನು ಕೀಳಿಸಲೇಬೇಡಿ.

ರಸ್ತೆಗೆ ತಾಗುವುದು

ಹಂಟರ್‌ನ ಹಿಂದಿನ ಟೈರಿನ ಮೇಲೆ 140/70-17 ಎಂದಿರುತ್ತದೆ. 140 ಮಿ.ಮೀ. ಅಗಲ, ಅದರ ಶೇ 70 ಎಂದರೆ 98 ಮಿ.ಮೀ. ಪಕ್ಕೆಯ ಎತ್ತರ, 17 ಇಂಚಿನ ರಿಮ್. ದಪ್ಪ ಕಾಣಲೆಂದು 150/60-17 ಹಾಕಿಸಿದರೆ ಏನಾಗುತ್ತದೆ ನೋಡಿ. ಪಕ್ಕೆಯ ಎತ್ತರ 90 ಮಿ.ಮೀ.ಗೆ ಇಳಿಯಿತು. ಚಕ್ರದ ಒಟ್ಟು ವ್ಯಾಸ ಸುಮಾರು 628ರಿಂದ 612 ಮಿ.ಮೀ.ಗೆ, ಅಂದರೆ ಶೇ 2.5ರಷ್ಟು ಕುಗ್ಗಿತು. ಹಿಂದಿನ ಚಕ್ರದಿಂದ ವೇಗ ಲೆಕ್ಕ ಹಾಕುವ ಬೈಕಿನಲ್ಲಿ ಸ್ಪೀಡೋಮೀಟರ್ ಅಷ್ಟು ಹೆಚ್ಚು ತೋರಿಸುತ್ತದೆ. ಹಿಂದಿನ ಮುಂದಿನ ಚಕ್ರಗಳ ವೇಗವನ್ನು ಹೋಲಿಸಿ ಕೆಲಸ ಮಾಡುವ ಎಬಿಎಸ್‌ಗೂ ಕಂಪನಿ ಕೊಟ್ಟ ಲೆಕ್ಕ ತಪ್ಪುತ್ತದೆ. ಇನ್ನೊಂದು ತೊಂದರೆ ರಿಮ್‌ನದು. ರಿಮ್‌ನ ಅಗಲ ಅಷ್ಟೇ ಇದ್ದು ಟೈರು ಮಾತ್ರ ಅಗಲವಾದರೆ ಅದರ ಎರಡೂ ಅಂಚು ಒಳಕ್ಕೆ ಹಿಂಡಿಕೊಂಡು ನಡು ಉಬ್ಬುತ್ತದೆ. ನೆಲಕ್ಕೆ ತಾಗುವ ಭಾಗ ನೀವು ಬಯಸಿದಂತೆ ಹೆಚ್ಚುವುದೇ ಇಲ್ಲ, ಗಾಡಿ ಬಾಗುವುದು ಮಾತ್ರ ನಿಧಾನವಾಗುತ್ತದೆ.

ಅದೇ ಅಳತೆಯಲ್ಲಿ ಒಳ್ಳೆಯ ರಬ್ಬರಿನ ಟೈರು ಹಾಕಿಸಿ. ಒದ್ದೆ ರಸ್ತೆಯಲ್ಲಿ ಹಿಡಿತ ಹೆಚ್ಚಿಸಲು ಇದಕ್ಕಿಂತ ಮಿಗಿಲಾದ ಖರ್ಚು ಬೇರೊಂದಿಲ್ಲ. ಹೊಸ ಟೈರಿನ ಮೇಲ್ಮೈ ನಯವಾಗಿರುವುದರಿಂದ ಮೊದಲ ನೂರು ಕಿಲೋಮೀಟರ್ ಜೋರಾಗಿ ಬಾಗಿಸಬೇಡಿ. ಹೊಸ ಬೈಕಿನ ಟೈರಿಗೂ ಈ ಮಾತು ಅನ್ವಯ. ಬ್ರೇಕ್ ಪ್ಯಾಡುಗಳೂ ಡಿಸ್ಕಿನೊಂದಿಗೆ ಸವೆದು ಕೂಡಿಕೊಳ್ಳಲು ಅಷ್ಟು ದೂರ ಬೇಕು. ಎಂಜಿನ್‌ಗೆ ಮೊದಲ 500 ಕಿಲೋಮೀಟರ್ ಒಂದೇ ವೇಗದಲ್ಲಿ ಹೈವೇ ಓಡಿಸದೆ ವೇಗ ಏರಿಸುತ್ತ ಇಳಿಸುತ್ತ ಹೋಗುವುದು ಒಳ್ಳೆಯದು. ಮೊದಲ ಸರ್ವಿಸ್‌ನಲ್ಲಿ ಬಿಚ್ಚಿದ ಆಯಿಲನ್ನು ಬಿಸಿಲಿಗೆ ಹಿಡಿದರೆ ಮಿನುಗುವ ಲೋಹದ ಪುಡಿ ಕಾಣುತ್ತದೆ. ಗೇರು, ಪಿಸ್ಟನ್ ರಿಂಗುಗಳು ಒಂದಕ್ಕೊಂದು ಹೊಂದಿಕೊಂಡ ಗುರುತು ಅದು. ಹಾಗಾಗಿ ಆ ಸರ್ವಿಸ್ ತಪ್ಪಿಸಬಾರದು, ಅದು ಮುಗಿಯುವ ತನಕ ಯಾವ ಆಲ್ಟರೇಷನ್ನೂ ಬೇಡ. ಗಾಡಿ ಮೂಲದಲ್ಲಿ ಹೇಗಿತ್ತು ಎಂದು ತಿಳಿಯದೆ ಬದಲಾಯಿಸಿದರೆ, ಬದಲಾದದ್ದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಗೊತ್ತಾಗುವುದು ಹೇಗೆ?

ಸೈಲೆನ್ಸರ್‌ನ ವಿಷಯ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಗಾಡಿಗಳು ಹೊರಬರುತ್ತಿದ್ದವು. ಅವುಗಳ ಸೈಲೆನ್ಸರ್ ಬದಲಾಯಿಸಿದ ಮೆಕ್ಯಾನಿಕ್, ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬುರೇಟರ್‌ನ ಜೆಟ್ ಬದಲಿಸಿ, ಸ್ಕ್ರೂ ಕಾಲು ಸುತ್ತು ತಿರುಗಿಸಿ, ಪ್ಲಗ್‌ನ ಬಣ್ಣ ನೋಡಿ ಸರಿಮಾಡುತ್ತಿದ್ದ. ಆ ಕಾಲದ ಕಸುಬನ್ನೇ ಇಂದಿನ ಗಾಡಿಗೂ ತಂದಾಗ ತೊಡಕು ಶುರುವಾಗುತ್ತದೆ.

2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 (ಹೊಗೆಯ ಮಿತಿಯ ನಿಯಮ) ಗಾಡಿಯಲ್ಲಿ ಪೆಟ್ರೋಲ್ ಎಷ್ಟು ಹೋಗಬೇಕೆಂದು ತೀರ್ಮಾನಿಸುವುದು ಇಸಿಯು ಎಂಬ ಪುಟ್ಟ ಕಂಪ್ಯೂಟರ್. ಎಕ್ಸಾಸ್ಟ್ ಕೊಳವೆಯಲ್ಲಿ ಕೂತ ಆಕ್ಸಿಜನ್ ಸೆನ್ಸರ್ ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಅದಕ್ಕೆ ವರದಿ ಕೊಡುತ್ತಲೇ ಇರುತ್ತದೆ. ಶುದ್ಧ ಪೆಟ್ರೋಲ್‌ಗೆ ಒಂದು ಪಾಲು ಇಂಧನಕ್ಕೆ 14.7 ಪಾಲು ಗಾಳಿ ಎಂಬುದು ಪೂರ್ತಿ ಉರಿಯುವ ಲೆಕ್ಕ. ಆ ಲೆಕ್ಕದ ಹತ್ತಿರ ಇದ್ದಾಗಲೇ ಕೊಳವೆಯೊಳಗಿನ ಕ್ಯಾಟಲಿಟಿಕ್ ಕನ್ವರ್ಟರ್ ವಿಷದ ಅನಿಲಗಳನ್ನು ಸರಿಯಾಗಿ ಸುಡುತ್ತದೆ. ಸಮ ವೇಗದಲ್ಲಿ ಹೋಗುವಾಗ ಇಸಿಯು ಸೆನ್ಸರ್‌ನ ಮಾತು ಕೇಳಿ ತಿದ್ದಿಕೊಳ್ಳುತ್ತದೆ. ಆದರೆ ನೀವು ಆಕ್ಸಿಲರೇಟರ್ ಪೂರ್ತಿ ತಿರುಗಿಸಿದಾಗ ಅದು ಸೆನ್ಸರ್ ಬಿಟ್ಟು, ಕಾರ್ಖಾನೆಯಲ್ಲಿ ಬರೆದಿಟ್ಟ ಕೋಷ್ಟಕವನ್ನು ನಂಬುತ್ತದೆ. ಆ ಕೋಷ್ಟಕ ಬರೆದದ್ದು ಕಂಪನಿಯ ಸೈಲೆನ್ಸರ್‌ಗೆ.

ಈಗ ಒಳಗಿನ ತಡೆಗಳನ್ನೆಲ್ಲ ತೆಗೆದ ಫ್ರೀ ಫ್ಲೋ ಪೈಪ್ ಹಾಕಿ. ಹೊಗೆ ಸಲೀಸಾಗಿ ಹೊರಹೋಗುತ್ತದೆ, ಒಳಗೆ ಬರುವ ಗಾಳಿಯ ಪ್ರಮಾಣ ಬದಲಾಗುತ್ತದೆ, ಕೋಷ್ಟಕದ ಪೆಟ್ರೋಲ್ ಮಾತ್ರ ಹಾಗೆಯೇ ಉಳಿಯುತ್ತದೆ. ಮಿಶ್ರಣದಲ್ಲಿ ಇಂಧನ ಕಡಿಮೆಯಾದರೆ ಎಂಜಿನ್ ಹೆಚ್ಚು ಕಾಯುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಉರಿಯದೆ ಉಳಿದ ಪೆಟ್ರೋಲ್ ಆವಿ ಕಾದ ಪೈಪಿನೊಳಗೆ ಹೊರಗಿನ ಗಾಳಿ ಸೇರಿ ಸಿಡಿಯುತ್ತದೆ. ಹುಡುಗರು ಮೆಚ್ಚುವ ಪಟಾಕಿ ಸದ್ದು ಅದೇ. ಸದ್ದು ಜಾಸ್ತಿಯಾದಾಗ ಪಿಕಪ್ಪೂ ಜಾಸ್ತಿಯಾದಂತೆ ಅನ್ನಿಸುವುದು ಸಹಜ, ಆದರೆ ನಗರದಲ್ಲಿ ನಾವು ಓಡಿಸುವ ಕಡಿಮೆ ಆರ್‌ಪಿಎಂನಲ್ಲಿ ಎಳೆತ ಎಷ್ಟೋ ಸಲ ಕಡಿಮೆಯೇ ಆಗಿರುತ್ತದೆ. ಕೋಷ್ಟಕವನ್ನೂ ಬದಲಿಸುತ್ತೇವೆ ಎಂದು ಇಸಿಯುಗೆ ಕೈ ಹಾಕಿದರೆ ವಾರಂಟಿ ಕೈಬಿಟ್ಟಂತೆ.

ಕಾನೂನು ಇಲ್ಲಿ ಸ್ಪಷ್ಟ. 175 ಸಿಸಿ ದಾಟಿದ ಹೊಸ ಬೈಕು ತಯಾರಾಗುವಾಗ ಅದರ ಸದ್ದು 80 ಡೆಸಿಬೆಲ್ ಮೀರಬಾರದು, 80ರಿಂದ 175 ಸಿಸಿಯದು 77. ಡೆಸಿಬೆಲ್ ಲೆಕ್ಕದಲ್ಲಿ ಹತ್ತು ಹೆಚ್ಚಿದರೆ ಶಬ್ದದ ಶಕ್ತಿ ಹತ್ತು ಪಟ್ಟು. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಪ್ರಕಾರ ಶಬ್ದ, ಹೊಗೆಯ ಮಿತಿ ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸಜೆಯೂ ಇರಬಹುದು, ಲೈಸೆನ್ಸ್ ಮೂರು ತಿಂಗಳು ಅಮಾನತು. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಕಿತ್ತ ಸೈಲೆನ್ಸರ್‌ಗಳನ್ನು ಸಾಲಾಗಿಟ್ಟು ರೋಡ್ ರೋಲರ್ ಹತ್ತಿಸಿದ್ದಾರೆ. ಅದಕ್ಕೂ ಮಿಗಿಲಾದ ಕಾರಣ ರಾತ್ರಿ ಹನ್ನೊಂದಕ್ಕೆ ಆ ಸದ್ದಿಗೆ ಬೆಚ್ಚಿ ಏಳುವ ಪಕ್ಕದ ಮನೆಯ ಮಗು, ರೋಗಿ, ವಯಸ್ಸಾದವರು.

ಯಾವುದು ಸರಿ, ಯಾವುದು ಅಕ್ರಮ

ಕಾಯ್ದೆಯ 52ನೇ ಕಲಂ ಹೇಳುವುದಿಷ್ಟು: ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿ ಇರುವುದಕ್ಕೂ ತಾಳೆಯಾಗದಂತೆ ವಾಹನವನ್ನು ಮಾರ್ಪಡಿಸಕೂಡದು. ಮಾರ್ಪಾಡು ಎಂದರೆ ವಾಹನದ ರಚನೆಯಲ್ಲಿ ಆಗುವ, ಅದರ ಮೂಲ ಲಕ್ಷಣವನ್ನೇ ಬದಲಿಸುವ ಬದಲಾವಣೆ ಎಂದು ಅದೇ ಕಲಂ ವಿವರಿಸುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ.

ಹಾಗಾಗಿ ಎಂಜಿನ್, ಚಾಸಿ, ಬಣ್ಣ, ಸೀಟುಗಳ ಸಂಖ್ಯೆ ಹೀಗೆ ಆರ್‌ಸಿಯಲ್ಲಿ ಬರೆದಿರುವ ಯಾವುದನ್ನೇ ಮುಟ್ಟುವ ಮೊದಲು ಆರ್‌ಟಿಒ ಬಾಗಿಲಿಗೆ ಹೋಗಬೇಕು. ಕಪ್ಪು ಟ್ಯಾಂಕಿಗೆ ಒಂದು ಗೆರೆ ಸ್ಟಿಕ್ಕರ್ ಅಂಟಿಸುವುದಕ್ಕೂ ಇಡೀ ಗಾಡಿಗೆ ಕೆಂಪು ಬಳಿಸುವುದಕ್ಕೂ ಇರುವ ವ್ಯತ್ಯಾಸ ಇದು. ಗ್ರಿಪ್, ಲಿವರ್, ಸೀಟ್ ಕವರ್, ಕಂಪನಿಯೇ ಮಾರುವ ಎಂಜಿನ್ ಗಾರ್ಡ್, ಸಣ್ಣ ವಿಂಡ್‌ಸ್ಕ್ರೀನ್, ಬ್ಯಾಗ್ ಕಟ್ಟುವ ಚೌಕಟ್ಟು ಇವುಗಳಿಂದ ಮೂಲ ಲಕ್ಷಣ ಬದಲಾಗುವುದಿಲ್ಲ. ನಂಬರ್ ಪ್ಲೇಟ್ ಮಡಚುವುದು, ಕಾಣದಷ್ಟು ಓರೆ ಮಾಡುವುದು, ಎಚ್‌ಎಸ್‌ಆರ್‌ಪಿ (ಹೈ ಸೆಕ್ಯೂರಿಟಿ ನಂಬರ್ ಪ್ಲೇಟ್) ಕಿತ್ತು ಬೇರೆ ಅಕ್ಷರದ ಪ್ಲೇಟ್ ಹಾಕುವುದು ಯಾವ ಕಾರಣಕ್ಕೂ ಬೇಡ.

ಲೈಟಿನ ವಿಷಯ ನಡುವೆ ಬರುವಂಥದ್ದು. ಹ್ಯಾಲೊಜೆನ್ ಹೆಡ್‌ಲೈಟಿನ ಒಳಗಿನ ಕನ್ನಡಿಯನ್ನು ಬಲ್ಬಿನ ತಂತಿ ಇರುವ ಒಂದೇ ಬಿಂದುವಿಗೆ ಲೆಕ್ಕ ಹಾಕಿ ಮಾಡಿರುತ್ತಾರೆ. ಅಲ್ಲಿ ಅಗ್ಗದ ಎಲ್‌ಇಡಿ ಬಲ್ಬು ಸಿಕ್ಕಿಸಿದರೆ ಬೆಳಕು ಹೊರಡುವ ಜಾಗವೇ ಬೇರೆಯಾಗಿ, ಕಿರಣ ರಸ್ತೆಗೆ ಬೀಳದೆ ಎದುರಿನವರ ಕಣ್ಣಿಗೆ ಚದುರುತ್ತದೆ. ನಿಮಗೆ ಬಿಳಿಯಾಗಿ, ಜಾಸ್ತಿಯಾಗಿ ಕಾಣುವುದು ಹತ್ತಿರದ ಬೆಳಕು ಮಾತ್ರ; ದೂರದ ಹೊಂಡ ಮೊದಲಿಗಿಂತ ತಡವಾಗಿ ಕಾಣುತ್ತದೆ. 2024ರ ಜುಲೈನಿಂದ ಕರ್ನಾಟಕದಲ್ಲಿ ಕಣ್ಣು ಕೋರೈಸುವ ಲೈಟುಗಳ ಮೇಲೆ ಪೊಲೀಸರು ಕೇಸು ಹಾಕತೊಡಗಿದ್ದು ಇದಕ್ಕೇ. ಮಲೆನಾಡಿನ ಮಂಜಿಗೆ ಹೆಚ್ಚುವರಿ ಲೈಟು ಬೇಕೇ ಬೇಕು ಎನ್ನುವವರು ಕಂಪನಿ ಕೊಡುವ ಸೆಟ್ ಹಾಕಿಸಿ, ಕೆಳಮುಖವಾಗಿ ಹೊಂದಿಸಿ, ಊರೊಳಗೆ ಆರಿಸಿಡಿ.

ಹೊರಗೆ ಹಾಕಿಸುವುದಾದರೆ ವೈರಿಂಗ್ ಕಡೆ ಕಣ್ಣಿರಲಿ. 20 ವಾಟ್‌ನ ಎರಡು ಲೈಟು ಎಂದರೆ 12 ವೋಲ್ಟ್‌ನಲ್ಲಿ 3.3 ಆಂಪಿಯರ್ ಕರೆಂಟು. ಅದು ಬ್ಯಾಟರಿಯಿಂದ ನೇರವಾಗಿ ಫ್ಯೂಸ್ ಮತ್ತು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಚಾಲೂ ಮಾಡುವ ಸ್ವಿಚ್ಚು) ಮೂಲಕ ಬರಬೇಕು, ಸ್ವಿಚ್ಚಿನಲ್ಲಿ ಹರಿಯುವುದು ರಿಲೇ ಎಳೆಯುವಷ್ಟು ಸಣ್ಣ ಕರೆಂಟು ಮಾತ್ರ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಆಕ್ಸೆಸರಿ ಅಂಗಡಿಗಳ ಮುಂದೆ ನಿಂತು ನೋಡಿ. ಫುಟ್‌ಪಾತಿನಲ್ಲೇ ಟ್ಯಾಂಕು ಎತ್ತಿ, ಕಂಪನಿಯ ವೈರಿನ ಸಿಪ್ಪೆ ಬ್ಲೇಡಿನಿಂದ ಸುಲಿದು, ಹೊಸ ತಂತಿಯನ್ನು ಅದಕ್ಕೇ ತಿರುಚಿ, ಕಪ್ಪು ಟೇಪು ಸುತ್ತಿ ಮುಗಿಸುವವರೂ ಇದ್ದಾರೆ, ಕನೆಕ್ಟರ್ ಹಾಕಿ ಅಚ್ಚುಕಟ್ಟಾಗಿ ಮಾಡುವವರೂ ಇದ್ದಾರೆ. ಟೇಪಿನ ಅಂಟು ಎಂಜಿನ್ ಬಿಸಿಗೆ ಕರಗುತ್ತದೆ, ಮೊದಲ ಮಳೆಗೆ ತಂತಿಯ ಕಟ್ಟು ಹಸಿರುಗಟ್ಟುತ್ತದೆ. ಆಮೇಲೆ ಇಸಿಯು ತೊಂದರೆ ಎಂದು ಸರ್ವಿಸ್ ಸೆಂಟರ್‌ಗೆ ಹೋದರೆ ಅವರು ಮೊದಲು ತೋರಿಸುವುದೇ ಆ ಕತ್ತರಿಸಿದ ವೈರು. ಅಷ್ಟಕ್ಕೇ ಇಡೀ ವಿದ್ಯುತ್ ಭಾಗದ ವಾರಂಟಿ ನಿರಾಕರಿಸಲು ಅವರಿಗೆ ಕಾರಣ ಸಿಗುತ್ತದೆ. ಕಂಪನಿಯ ವೈರು ಕತ್ತರಿಸದೆ ಪ್ಲಗ್ ಸಿಕ್ಕಿಸುವ ಕಿಟ್ ಇದೆಯೇ ಎಂದು ಕೇಳಿ, ಇಲ್ಲವೆಂದರೆ ಮುಂದಿನ ಅಂಗಡಿಗೆ ನಡೆಯಿರಿ.

ಬಿಚ್ಚಿದ ಮೂಲ ಭಾಗಗಳನ್ನು, ಮಿರರ್ ಇರಲಿ, ಇಂಡಿಕೇಟರ್ ಇರಲಿ, ಬೋಲ್ಟು ಸಮೇತ ಒಂದು ಡಬ್ಬಿಯಲ್ಲಿ ಹಾಕಿ ಹೆಸರು ಬರೆದಿಡಿ. ಮಾರುವಾಗ ಕೊಳ್ಳುವವರು ಕೇಳುವುದು ಮೂಲ ಗಾಡಿಯನ್ನೇ; 15 ವರ್ಷದ ನಂತರ ಆರ್‌ಸಿ ನವೀಕರಣಕ್ಕೆ ಗಾಡಿ ತಪಾಸಣೆಗೆ ಹೋದಾಗಲೂ ಅವು ಬೇಕಾಗುತ್ತವೆ. ದುಬಾರಿ ಆಕ್ಸೆಸರಿ ಹಾಕಿಸಿದ್ದರೆ ಬಿಲ್ಲಿನ ಸಮೇತ ವಿಮಾ ಕಂಪನಿಗೆ ತಿಳಿಸಿ ಪಾಲಿಸಿಯಲ್ಲಿ ಸೇರಿಸಿಕೊಳ್ಳಿ. ಸೇರಿಸದ ವಸ್ತುವಿಗೆ ಅಪಘಾತದಲ್ಲಿ ಪರಿಹಾರವಿಲ್ಲ. ದ್ವಿಚಕ್ರ ವಾಹನದ ಮಾಮೂಲಿ ಪಾಲಿಸಿಯಲ್ಲಿ ಇನ್ನೊಂದು ಷರತ್ತಿದೆ: ಗಾಡಿ ಅಲ್ಲೇ ಇದ್ದು ಆಕ್ಸೆಸರಿ ಮಾತ್ರ ಕಳುವಾದರೆ ಅದಕ್ಕೆ ಕ್ಲೇಮ್ ಸಿಗುವುದಿಲ್ಲ, ಗಾಡಿಯೂ ಜೊತೆಗೇ ಕಳುವಾಗಿರಬೇಕು. ಬಸ್ ನಿಲ್ದಾಣದ ಸ್ಟ್ಯಾಂಡಿನಲ್ಲಿ ಗಾಡಿ ಬಿಟ್ಟು ವಾರಗಟ್ಟಲೆ ಊರಿಗೆ ಹೋಗುವವರು ಹತ್ತು ಸಾವಿರದ ಲೈಟು ಕೊಳ್ಳುವ ಮೊದಲು ಈ ಸಾಲನ್ನು ತಮ್ಮ ಪಾಲಿಸಿಯಲ್ಲಿ ಹುಡುಕಿ ಓದಿಕೊಳ್ಳಲಿ.